ಹೆತ್ತೂರಿನ ಬಿಸಿಲಿನಲ್ಲಿ ಕಂಡ ಆರು ಮೂಲೆ

ಹಾಸನದಿಂದ ಹೊರಟ ಕೆಂಪು ಬಸ್ಸಿನಲ್ಲಿ ಸೂಕ್ಷ್ಮದರ್ಶಕದ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಆಲೂರಿನಲ್ಲಿ ಹತ್ತಿದ ಅಜ್ಜ ಅದನ್ನು ಹಾರ್ಮೋನಿಯಂ ಎಂದುಕೊಂಡು, "ಭಜನೆ ಎಲ್ಲೈತೆ ಸ್ವಾಮಿ?" ಎಂದು ಕೇಳಿದ. ಸಕಲೇಶಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿ ಹೆತ್ತೂರು ಸೇರುವಷ್ಟರಲ್ಲಿ ಮಂಜು ಕರಗಿ ಬಿಸಿಲು ಬಿದ್ದಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಜನವರಿ. ಕಣಗಳಲ್ಲೆಲ್ಲ ಕಾಫಿ ಒಣಗುತ್ತಿತ್ತು.

ಹರಳುಗಳ ರಚನೆ ನೋಡುವುದು ನನ್ನ ಕೆಲಸ. ಇಲ್ಲಿಯ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರ ದೊಡ್ಡ ಮಗ ಶಶಿಯ ಮೂತ್ರಪಿಂಡದಿಂದ ತೆಗೆದ ಕಲ್ಲು ಮೈಸೂರಿನ ನಮ್ಮ ಪ್ರಯೋಗಾಲಯಕ್ಕೆ ಬಂದಿತ್ತು. ಅದು ಸಿಸ್ಟೀನ್ ಎಂಬ ವಸ್ತುವಿನ ಕಲ್ಲು. ತಂದೆ ತಾಯಿ ಇಬ್ಬರಿಂದಲೂ ಇಳಿದು ಬರುವ ಕಾಯಿಲೆಯ ಗುರುತು. ಮೂರು ವರ್ಷದ ತಮ್ಮ ಪುಟ್ಟುವಿಗೂ ಅದು ಇದೆಯೇ? ತಾಜಾ ಮೂತ್ರದಲ್ಲೇ ನೋಡಬೇಕೆಂದು ನಾನೇ ಹೊರಟು ಬಂದಿದ್ದೆ.

ರೈಟರ ಮನೆಯಲ್ಲಿ ಮಕ್ಕಳ ತಾಯಿ ಸುಶೀಲಾ ಅಕ್ಕಿರೊಟ್ಟಿ ಬಡಿಸಿದರು. ಅವರ ಅತ್ತೆ ಗೌರಮ್ಮ ಪುಟ್ಟುವಿನ ಮೂತ್ರದ ಸೀಸೆ ತಂದಿಟ್ಟರು. ಜಗಲಿಯಲ್ಲಿ ಕೂತು, ಸೂಕ್ಷ್ಮದರ್ಶಕದ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಕಣ್ಣಿಟ್ಟೆ. ಹರಳು ಒಂದೂ ಇರಲಿಲ್ಲ.

"ಏನೂ ಇಲ್ವಾ ಸಾರ್?"

"ಸದ್ಯಕ್ಕೆ ಕಾಣ್ತಿಲ್ಲಮ್ಮ."

ಸುಶೀಲಾ ಮಗುವನ್ನು ಬಾಚಿ ಅಪ್ಪಿಕೊಂಡರು. ನನಗೂ ಹಾಯೆನಿಸಿತು. ಆದರೆ ಅಭ್ಯಾಸದಂತೆ ಅದ್ದಿದ ಕೆಂಪು ಲಿಟ್ಮಸ್ ಕಾಗದ ಗಾಢ ನೀಲಿಯಾಯಿತು. ಬೆಳಗಿನ ಮೂತ್ರ ಸಾಮಾನ್ಯವಾಗಿ ಹುಳಿ ಗುಣದ್ದು, ಇದೇಕೆ ಹೀಗೆ? ಸೀಸೆಯನ್ನು ಏನು ಮಾಡಿದಿರಿ ಎಂದು ಗೌರಮ್ಮನವರನ್ನು ಕೇಳಿದೆ.

"ದೊಡ್ಡೋರ ಕೈಗೆ ಕೊಡದು, ಹಂಗೇ ಕೊಡಕಾಯ್ತದಾ? ಒಲೆ ಬೂದಿ ಹಾಕಿ ಚೆನ್ನಾಗ್ ಉಜ್ಜಿವ್ನಿ ಕಣಪ್ಪ. ನೀರ್ ಹಾಕಿದ್ರೆ ಒಣಗಕಿಲ್ಲ ಅಂತ ಬಟ್ಟೇಲೇ ಒರೆಸ್ಬುಟ್ಟೆ."

ಸೀಸೆಯ ತಳದಲ್ಲಿ ಉಳಿದ ಬೂದಿಯ ಕ್ಷಾರಕ್ಕೆ ಸಿಸ್ಟೀನ್ ಕರಗಿ ಕಣ್ಣಿಗೆ ಕಾಣದಾಗುತ್ತದೆ. ಕ್ಷಾರ ಮುರಿಯಲೆಂದು ಒಂದು ತೊಟ್ಟು ಆಮ್ಲ ಬೆರೆಸಿ ನೆರಳಿನಲ್ಲಿ ತಣ್ಣಗಿಟ್ಟೆ. ಮತ್ತೆ ಕಣ್ಣಿಟ್ಟೆ. ಯಾರೋ ಅಳತೆ ಹಿಡಿದು ಕತ್ತರಿಸಿದ ಗಾಜಿನಂತೆ ಆರು ಮೂಲೆಯ ತೆಳು ಬಿಲ್ಲೆಗಳು, ಸಿಸ್ಟೀನಿನವೇ, ಬೆಳಕಿನಲ್ಲಿ ತೇಲುತ್ತಿದ್ದವು. ಇಷ್ಟು ವರ್ಷ ನೋಡಿದರೂ ನನಗೆ ಈ ಬೆರಗು ತೀರಿಲ್ಲ; ಅಂದು ಮಾತ್ರ ತಲೆ ಎತ್ತಲು ಧೈರ್ಯ ಬರಲಿಲ್ಲ.

ಸುಶೀಲಾ ನನ್ನ ಮುಖ ನೋಡಿಯೇ ತಿಳಿದುಕೊಂಡು, ತಾವೂ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇಷ್ಟ್ ಚೆಂದ ಐತಲ್ಲ ಸಾರ್... ಇದಾ ನನ್ ಮಗೀನ ಕೊಲ್ಲದು?"

"ಕೊಲ್ಲೋಕೆ ಬಿಡಬಾರದು. ಕಲ್ಲು ಕಟ್ಟೋ ಮುಂಚೆ ಗೊತ್ತಾಯ್ತು, ಅದೇ ಪುಣ್ಯ. ಹಗಲು ರಾತ್ರಿ ನೀರು ಕುಡಿಸಿ. ಬೂದಿಯ ಹಾಗೆ ಹುಳಿ ತೆಗೆಯೋ ಔಷಧಿ ಡಾಕ್ಟರು ಕೊಡ್ತಾರೆ."

"ಬೂದಿನೇ ತಿನ್ಸುದ್ರೆ?" ಎಂದರು ಗೌರಮ್ಮ. ಬೇಡವೆಂದು ಕೈಮುಗಿದೆ, ಸುಶೀಲಾ ಅಳುತ್ತಲೇ ನಕ್ಕರು.

ಸಂಜೆಯ ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಜಗಲಿಯಲ್ಲಿ ಪುಟ್ಟು ಬಾಯಿ ಬಿಗಿಹಿಡಿದು, ಅಮ್ಮ ಒಡ್ಡಿದ ನೀರಿನ ಲೋಟವನ್ನು ತಳ್ಳುತ್ತಿದ್ದ. ಶಶಿ ಅದನ್ನು ಅಮ್ಮನ ಕೈಯಿಂದ ತೆಗೆದುಕೊಂಡು ತಾನೇ ಗಟಗಟ ಕುಡಿಯತೊಡಗಿದ. ಅರ್ಧ ಖಾಲಿಯಾಗುವಷ್ಟರಲ್ಲಿ ಪುಟ್ಟು, ನಂದು ಎಂದು ಕಿರುಚಿ ಕಿತ್ತುಕೊಂಡ.