ಫ್ರೆಂಚ್ ಪಟ್ಟಿಯಲ್ಲಿ ಖಾಲಿ ಬಿಟ್ಟ ಸಾಲು

ಇದನ್ನು ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ. ಮೊದಲ ಸಲ ಹೆಂಡತಿ ಇದ್ದಳು, ಓದಿಬಿಟ್ಟಾಳೆಂದು ಹೆದರಿದೆ. ಎರಡನೇ ಸಲ ಮಗಳು ಬಸುರಿಯಾಗಿ ತವರಿಗೆ ಬಂದಿದ್ದಳು, ಈಗ ಬೇಡ ಅಂದುಕೊಂಡೆ. ಮೂರನೇ ಸಲ ಯಾವ ಕಾರಣವೂ ಇರಲಿಲ್ಲ, ಆದರೂ ಪೆನ್ನಿಗೆ ಮುಚ್ಚಳ ಹಾಕಿ ಎದ್ದೆ. ಈಗ ಕಣ್ಣು ಮಂಜಾಗುತ್ತಿದೆ. ಇನ್ನೂ ತಡಮಾಡಿದರೆ ಬೇರೆಯವರಿಗೆ ಹೇಳಿ ಬರೆಸಬೇಕಾಗುತ್ತದೆ. ಅದು ನನ್ನಿಂದಾಗದು.

ಹಾಸನದಲ್ಲಿ ನಾನು ಹೈಸ್ಕೂಲು ಓದುವಾಗ ನನ್ನ ಕೋಣೆಯಲ್ಲಿ ಅರಕಲಗೂಡಿನ ಕಡೆಯ ಒಬ್ಬ ಗೆಳೆಯನಿದ್ದ. ರಜೆಯಲ್ಲಿ ಅವನ ಮನೆಗೆ ಹೋಗುತ್ತಿದ್ದೆ. ಅವನಿಗೊಬ್ಬಳು ತಂಗಿ. ನನ್ನನ್ನೂ ಅಣ್ಣ ಎಂದೇ ಕರೆಯುತ್ತಿದ್ದಳು. ಊಟಕ್ಕೆ ಬಡಿಸುವಾಗ ಇಂಗ್ಲಿಷಿನ ಪರೀಕ್ಷೆ ಮಾಡುವುದು ಅವಳ ಚಾಳಿ.

"ಅಣ್ಣ, ಕಡುಬಿಗೆ ಇಂಗ್ಲೀಸ್ನಾಗೆ ಏನಂತಾರೆ?"

"ಅವರಲ್ಲಿ ಕಡುಬಿಲ್ಲ ಕಣವ್ವ."

"ಅಯ್ಯೋ ಪಾಪ. ಅಬ್ಬದ ದಿನ ಏನ್ ತಿಂತಾರೆ ಅಂಗಾರೆ?"

ಎಸ್ಸೆಸ್ಸೆಲ್ಸಿ ಮುಗಿಯಿತು. ಮುಂದೆ ಓದುವ ಅನುಕೂಲವಿರಲಿಲ್ಲ, ಹೊಳೆನರಸೀಪುರಕ್ಕೆ ವಾಪಸ್ಸು ಬಂದೆ. ಅಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಇಬ್ಬರು ಫ್ರೆಂಚ್ ಸಿಸ್ಟರುಗಳು ಸಣ್ಣದೊಂದು ಔಷಧಾಲಯ ನಡೆಸುತ್ತಿದ್ದರು. ವಯಸ್ಸಾದವರಿಗೆ ಇಂಗ್ಲಿಷೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಕಿರಿಯವರು ಹಡಗಿಳಿದು ಬಂದು ಕೆಲವೇ ತಿಂಗಳಾಗಿತ್ತು. ಔಷಧಿಯ ಕೆಲಸ ಚೆನ್ನಾಗಿ ಬಲ್ಲವರು, ಆದರೆ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದರು, ಅಷ್ಟೆ. ದೊಡ್ಡ ಸಿಸ್ಟರ್ ಕಾಯಿಲೆಯಾಗಿ ಬೆಂಗಳೂರಿಗೆ ಹೊರಟಾಗ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಹೊರಡುವ ಮುಂಚೆ ಒಂದು ನೋಟ್‌ಬುಕ್ಕಿನ ಎಡಗಡೆ ಇಂಗ್ಲಿಷಿನಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ, ಎಷ್ಟು ಎಂದು ಬರೆದು, ಅದರ ಕೆಳಗೆ ತಿನ್ನು, ಕುಡಿ, ಮಲಗು, ಕೆಮ್ಮು, ವಾಂತಿ ಮಾಡು ಎಂದು ಕ್ರಿಯಾಪದಗಳನ್ನು ಸಾಲಾಗಿ ಬರೆದುಕೊಟ್ಟರು. ನಡುವೆ ಕಿರಿಯವರಿಂದ ಫ್ರೆಂಚ್ ಬರೆಸು, ಬಲಗಡೆ ನೀನು ಕನ್ನಡ ಬರಿ, ಇಷ್ಟಿದ್ದರೆ ಕೆಲಸ ನಡೆಯುತ್ತದೆ ಅಂದರು.

ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಮೇಜಿನ ಆಚೆ ಈಚೆ ಕೂತು ಆ ಪಟ್ಟಿ ತುಂಬಿದೆವು. ಸಿಸ್ಟರು ಡಿಕ್ಷನರಿ ತೆಗೆದು ಹುಡುಕಿ, ಬರೆದು, ಬಾಯಲ್ಲಿ ಹೇಳುತ್ತಿದ್ದರು. ನಾನು ಅದನ್ನು ಕನ್ನಡದ ಅಕ್ಷರದಲ್ಲಿ ಹಿಡಿಯುತ್ತಿದ್ದೆ. ಯಾರು ಅಂದರೆ ಕಿ. ಎಲ್ಲಿ ಅಂದರೆ ಊ. ಯಾವಾಗ ಅಂದರೆ ಕಾಂ. ಯಾಕೆ ಅಂದರೆ ಪುರ್ಕ್ವಾ. ತಿನ್ನುವುದಕ್ಕೆ ಮಾಂಜೆ, ಮಲಗುವುದಕ್ಕೆ ದೋರ್ಮೀರ್. ಒಂದು ವಾರದಲ್ಲಿ ನನಗೆ ಪಟ್ಟಿಯೆಲ್ಲ ಬಾಯಿಗೆ ಬಂತು. ಊರಿನಲ್ಲಿ ಎದೆಯೆತ್ತಿ ನಡೆದೆ. ಒಬ್ಬ ಮುದುಕ ಜಗುಲಿಯಲ್ಲಿ ಕೂತು, "ಏನ್ಲಾ, ನಿಮ್ಮ ಅಮ್ಮಾರಿಗೆ ಕನ್ನಡ ತಿಳಿಯಾಕಿಲ್ಲ ಅಂದ್ರೆ ನಾನೀಗ ಪ್ರೆಂಚ್ನಾಗೇ ಕೆಮ್ಬೇಕೇನ್ಲಾ?" ಎಂದು ಎಲ್ಲರನ್ನೂ ನಗಿಸಿದ. ನಾನೂ ಬಿಗುಮಾನದಿಂದಲೇ ನಕ್ಕೆ.

ಪಟ್ಟಿಯಲ್ಲಿ ಒಂದು ಸಾಲು ಮಾತ್ರ ತುಂಬಲಿಲ್ಲ. ಸಿಸ್ಟರು ಗೋಡೆಯ ಕ್ಯಾಲೆಂಡರ್ ತೋರಿಸಿ, ತಿಂಗಳುಗಳನ್ನು ಬೆರಳಲ್ಲಿ ಎಣಿಸಿ, ಹೆಂಗಸರನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ ಎಂದು ತಿಳಿಸಿದರು. ಕೊನೆಯ ಸಲ ಹೊರಗೆ ಕೂತದ್ದು ಯಾವಾಗ? ನನಗೆ ಅರ್ಥವಾಯಿತು. ಕಿವಿ ಬಿಸಿಯಾಯಿತು. ಅದಕ್ಕೆ ನಮ್ಮಲ್ಲಿ ಮಾತಿಲ್ಲ ಎಂದೆ. ಮಾತಿತ್ತು. ನಮ್ಮ ಅವ್ವಂದಿರು, ಅಕ್ಕಂದಿರು ದಿನವೂ ಆಡಿಕೊಳ್ಳುವ ಮಾತೇ. ಗಂಡಸಿನ ಬಾಯಲ್ಲಿ ಬರಬಾರದಾಗಿತ್ತು, ಅಷ್ಟೆ. ಸಿಸ್ಟರು ನಂಬದ ಮುಖ ಮಾಡಿ, ದೊಡ್ಡವರು ಬರಲಿ ಎಂದು ಆ ಸಾಲನ್ನು ಖಾಲಿ ಬಿಟ್ಟರು.

ಅದಾಗಿ ಕೆಲವು ದಿನಕ್ಕೆ ಗೆಳೆಯನ ತಂಗಿ ಬಂದಳು. ಅವಳನ್ನು ನಮ್ಮ ಪಕ್ಕದ ಹಳ್ಳಿಗೇ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬಿತ್ತು. ಜೊತೆಯಲ್ಲಿ ಅತ್ತೆ. ನನ್ನನ್ನು ಕಂಡು ಅವಳ ಮುಖ ಅರಳಿತು, ಆದರೆ ಅತ್ತೆಯ ಮುಂದೆ ಮಾತಾಡಲಿಲ್ಲ.

"ಒಟ್ಟೆ ನೋವು ಅಂತಾಳೆ. ತಿಂದಿದ್ದು ನಿಲ್ಲಾಕಿಲ್ಲ," ಎಂದು ಅತ್ತೆಯೇ ಹೇಳಿದರು. "ಉಳದ ಕಾಟ ಇರ್ಬೇಕು. ಔಸ್ದಿ ಕೊಡ್ಸಪ್ಪ."

ಎಲ್ಲಿ ನೋವು, ಎಷ್ಟು ದಿನದಿಂದ, ಏನು ತಿಂದಳು ಎಂದು ಸಿಸ್ಟರು ಒಂದೊಂದಾಗಿ ಕೇಳಿದರು. ನಾನು ಕನ್ನಡ ಮಾಡಿದೆ. ಎಲ್ಲದಕ್ಕೂ ಅತ್ತೆಯದೇ ಉತ್ತರ. ಆಮೇಲೆ ಸಿಸ್ಟರು ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿ ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟರು. ಕಾಂ? ಅಂದರು. ಹುಡುಗಿಯ ಕಡೆ ಕೈ ತೋರಿಸಿದರು, ಅವಳನ್ನೇ ಕೇಳು ಎಂದು.

ಅಣ್ಣ ಎಂದವಳನ್ನು ನಾನು ಹೇಗೆ ಕೇಳಲಿ? ಅತ್ತೆಯ ಕಡೆ ತಿರುಗಿ, "ಎಲ್ಲಾ ಸರಿಯಾಗೈತೇನವ್ವ?" ಅಂದೆ.

"ಎಲ್ಲಾ ಸರಿಯಾಗೇ ಐತೆ ಅಂತ ಯೋಳು," ಅಂದರು ಅವರು.

ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗಿನವರ ಕಿವಿಗೆ ಬೀಳಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮ ಕಡೆಯ ಎಲ್ಲ ಮನೆಗಳ ನಂಬಿಕೆ. ನಮ್ಮ ಮನೆಯಲ್ಲೂ ಇತ್ತು. ಆ ಹೆಂಗಸು ಮೊಮ್ಮಗುವನ್ನು ಕಾಯುವುದಕ್ಕೇ ಸುಳ್ಳು ಹೇಳಿದ್ದು. ಹುಡುಗಿ ತಲೆಯೆತ್ತಿ "ಅಣ್ಣ" ಅಂದಳು. ಅವಳ ಕೈ ಕಿಬ್ಬೊಟ್ಟೆಯ ಮೇಲೆ ಸೆರಗಿನ ಅಡಿ ಇತ್ತು. ಅತ್ತೆ ಅವಳ ತೋಳು ಹಿಡಿದು ಒತ್ತಿದರು. ನನಗೆ ಆ ಕ್ಷಣವೇ ಗೊತ್ತಾಯಿತು. ಸಿಸ್ಟರಿಗೆ ಬಸಿರಿಲ್ಲ ಎಂಬಂತೆ ತಲೆಯಾಡಿಸಿದೆ. ಅದನ್ನು ಯಾಕೆ ಕೇಳುತ್ತಿದ್ದಾರೆ ಎಂದಾದರೂ ವಿಚಾರಿಸಬಹುದಿತ್ತು. ಆ ಪದ ನನ್ನ ಪಟ್ಟಿಯಲ್ಲಿತ್ತು.

ಜಂತುಹುಳದ ಔಷಧಿ ಕೊಟ್ಟರು, ಅದರ ಮೇಲೆ ಬೇದಿಗೆ. ಬಸುರಿಯರಿಗೆ ಕೊಡಬಾರದ ಔಷಧಿ ಅದು. ಮೂರನೇ ದಿನ ಮಗು ಹೋಯಿತು. ಹುಡುಗಿ ಬದುಕಿದ್ದೇ ಹೆಚ್ಚು ಅಂದರು.

ಮಾವ, ಗಂಡ, ಊರಿನ ಇಬ್ಬರು ಹಿರಿಯರು ಬಂದರು. ಹಿಂದೆ ಅತ್ತೆ. "ಕೇಳ್ದಂಗೇ ಔಸ್ದಿ ಕೊಟ್ರಾ?" ಎಂದು ಮಾವ ಜಗುಲಿಯ ಮೇಲೆ ನಿಂತು ಕೇಳಿದರು. ಸಿಸ್ಟರಿಗೆ ಏನೂ ತಿಳಿಯದು. ನನ್ನ ತೋಳು ಹಿಡಿದು ಪುರ್ಕ್ವಾ, ಪುರ್ಕ್ವಾ ಎನ್ನುತ್ತಿದ್ದರು. ನಾನು ಹೇಳಿದೆ: "ಕೇಳ್ದೆ ಗೌಡ್ರೆ. ನಿಮ್ಮ ಸೊಸೇನೇ ಕೇಳ್ದೆ. ಇಲ್ಲ ಅಂದ್ರು."

ಅತ್ತೆ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಸೊಸೆಯೇ ಮುಚ್ಚಿಟ್ಟಳು ಎಂಬುದು ಆ ಜಗುಲಿಯ ಮೇಲೆ ತೀರ್ಮಾನವಾಯಿತು. ಬೇಕೆಂದೇ ತೆಗೆಸಿಕೊಂಡಳು ಎಂದು ಹಳ್ಳಿಯಲ್ಲಿ ಅದಕ್ಕೆ ಇನ್ನಷ್ಟು ಸೇರಿತು. ಅವಳನ್ನು ಅರಕಲಗೂಡಿಗೆ ಕಳಿಸಿದರು, ಮತ್ತೆ ಕರೆಸಲಿಲ್ಲ. ಮುಂದಿನ ವರ್ಷ ಗಂಡ ಇನ್ನೊಂದು ಮದುವೆಯಾದ. ಗೆಳೆಯ ನನ್ನ ಬಳಿಗೆ ಬಂದು, "ನೀನಾದ್ರೂ ನಿಜ ಹೇಳು, ಅವಳು ಅಂಗಂದ್ಲಾ?" ಎಂದು ಕೇಳಿದ. ಅವನಿಗೂ ಅದನ್ನೇ ಹೇಳಿದೆ. ದೊಡ್ಡ ಸಿಸ್ಟರ್ ಬರುವುದಕ್ಕೆ ಮೊದಲೇ ಕೆಲಸ ಬಿಟ್ಟೆ.

ಯುದ್ಧದ ಕಾಲದಲ್ಲಿ, ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದಾಗ, ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕಾದು ನಿಂತಿದ್ದೆ. ಗೆಳೆಯ ಅಲ್ಲಿ ಮೇಷ್ಟರಾಗಿದ್ದ. ಅವಳು ಅವನ ಮನೆಯಲ್ಲಿದ್ದಳು. ಅಣ್ಣನ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದವಳು ನನ್ನನ್ನು ಗುರುತು ಹಿಡಿದಳು. ಊಟ ಮಾಡಿಕೊಂಡು ಹೋಗಿ ಎಂದು ಕರೆದಳು. ಆಮೇಲೆ ದನಿ ತಗ್ಗಿಸಿದಳು.

"ಅಣ್ಣ, ಒಂದ್ ಮಾತು. ಅವತ್ತು ನೀವು ನನ್ನ ಕೇಳಿದ್ರಾ? ನಂಗೆ ಗ್ಯಾನವೇ ಇಲ್ಲ. ಎಲ್ರೂ ನೀನೇ ಇಲ್ಲ ಅಂದೆ ಅಂತಾರೆ. ಅಂದಿದ್ರೂ ಅಂದಿರ್ಬೌದು, ನೋವ್ನಾಗೆ."

ಅಷ್ಟು ವರ್ಷ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ನಾನು ನಿನ್ನನ್ನು ಕೇಳಲೇ ಇಲ್ಲ ಎಂಬ ಒಂದು ಮಾತು ಸಾಕಿತ್ತು.

"ನಂಗೂ ಸರಿಯಾಗಿ ಗ್ಯಾಪಕ ಇಲ್ಲ ಕಣವ್ವ," ಅಂದೆ. ಬಸ್ಸು ಬಂತು, ಹತ್ತಿದೆ.

ಎಷ್ಟೋ ವರ್ಷಗಳ ಮೇಲೆ ಗೆಳೆಯನಿಗೆ ಎಲ್ಲವನ್ನೂ ಹೇಳಿ ಕಾಲು ಹಿಡಿದೆ. ಆಗ ಅವನು ಹಾಸಿಗೆ ಹಿಡಿದಿದ್ದ. ಗೋಡೆಯ ಕಡೆ ತಿರುಗಿ ಮಲಗಿದ. ಅವನ ತಂಗಿ ತೀರಿಹೋಗಿ ಆಗಲೇ ಎರಡು ವರ್ಷವಾಗಿತ್ತು. ಕಿರಿಯ ಸಿಸ್ಟರಿಗೂ ಕಾಗದ ಬರೆದಿದ್ದೆ, ಅದು ತಲುಪಿತೋ ಇಲ್ಲವೋ. ಅತ್ತೆಯ ಕ್ಷಮೆಯನ್ನು ನಾನು ಕೇಳಬೇಕಾಗಿಲ್ಲ, ನಾವಿಬ್ಬರೂ ಒಂದೇ ಪಾಪದ ಪಾಲುದಾರರು. ಬದುಕಿದ್ದಾಗ ಕೇಳಬಹುದಾಗಿದ್ದರೂ ನಾನು ಕೇಳದೆ ಉಳಿದದ್ದು ಒಬ್ಬಳನ್ನು. ಅವಳು ಆ ಬಸಿರು ಹೊತ್ತವಳು, ನನ್ನ ಸುಳ್ಳನ್ನು ತನ್ನ ಮಾತೆಂದೇ ನಂಬಿ ತೀರಿಕೊಂಡವಳು, ಅರಕಲಗೂಡಿನ ನನ್ನ ತಂಗಿ.