ಹುಳ ಸಾಕಿದ ಪುಟ್ಟತಾಯಮ್ಮ

ಪುಟ್ಟತಾಯಮ್ಮ ಸೀಸೆಯ ಮುಚ್ಚಳ ತೆಗೆದರೆಂದರೆ ನಮ್ಮ ಇಡೀ ಪ್ರಯೋಗಾಲಯ ಬಾಯಿ ಮುಚ್ಚಬೇಕು. "ಮಾತು ನಿಲ್ಸಿ. ಉಗುಳು ಸಿಡುದ್ರೆ ನನ್ನ ಹುಳ ಸಾಯ್ತವೆ" ಎಂದು ಪ್ರೊಫೆಸರರನ್ನೂ ಗದರಿಬಿಡುತ್ತಿದ್ದರು.

ಹುಳವೆಂದರೆ ಕಾಲಾ ಅಜಾರ್ ಕಾಯಿಲೆಯ ಪರೋಪಜೀವಿ, ಬರಿಗಣ್ಣಿಗೆ ಕಾಣದು. ಮರಳುನೊಣ ಕಚ್ಚಿ ಬಿಹಾರದ ಕಡೆಯ ಬಡವರಿಗೆ ತಗಲುವ ಕಾಯಿಲೆ ಅದು. ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಿ ಕಾಯಿಲೆಯನ್ನು ಗುಣಪಡಿಸುವ ಚುಚ್ಚುಮದ್ದಿಗಾಗಿ ನಾವು ಹುಡುಕುತ್ತಿದ್ದೆವು. ಅದಕ್ಕೆ ಹುಳ ಬದುಕಿರಬೇಕು. ವಾರಕ್ಕೆರಡು ಸಲ ಹೊಸ ಪೋಷಕ ದ್ರಾವಣಕ್ಕೆ ಹಾಕಿ, ಇಪ್ಪತ್ತು ವರ್ಷ ಅವನ್ನು ಸಾಕಿದವರು ನಮ್ಮ ಸಹಾಯಕಿ ಪುಟ್ಟತಾಯಮ್ಮ. ಲಾಕ್‌ಡೌನಿನಲ್ಲಿ ಬಸ್ಸಿಲ್ಲದಾಗ ಬನ್ನಿಮಂಟಪದಿಂದ ನಡೆದೇ ಬಂದರು. "ಹಸ ಕಟ್ಕಂಡೋರು ಮೇವು ಹಾಕ್ದೆ ಇರಕ್ಕಾಯ್ತದಾ ಕಣಮ್ಮ?" ಎಂದಿದ್ದರು.

ಒಂದು ದಿನ ಚರ್ಮದ ಡಾಕ್ಟರೊಬ್ಬರು ಕಡಕೊಳದ ಕಾರ್ಖಾನೆಯ ಬಿಹಾರಿ ಕೆಲಸಗಾರನೊಬ್ಬನನ್ನು ನಮ್ಮಲ್ಲಿಗೆ ಕಳಿಸಿದರು. ಅವನಿಗೆ ಹಿಂದೆ ಕಾಲಾ ಅಜಾರ್ ಬಂದು ವಾಸಿಯಾಗಿತ್ತು. ಈಗ ಮುಖದ ತುಂಬ ಬಿಳಿ ಮಚ್ಚೆ. ಕುಷ್ಠವೆಂದು ಹೆದರಿ ಜೊತೆಯವರು ಅವನನ್ನು ಕೋಣೆಯಿಂದ ಹೊರಹಾಕಿದ್ದರು. ಅವನ ಚರ್ಮದ ಮಾದರಿಯಲ್ಲಿ ಅದೇ ಹುಳ ಇನ್ನೂ ಉಳಿದುಕೊಂಡಿತ್ತು. ಪುಟ್ಟತಾಯಮ್ಮ ಮೈಕ್ರೊಸ್ಕೋಪಿನಿಂದ ತಲೆಯೆತ್ತಿ ಅವನನ್ನೇ ನೋಡುತ್ತ ಕೂತರು. ಅಷ್ಟು ವರ್ಷದಲ್ಲಿ ಆ ಕಾಯಿಲೆಯವರನ್ನು ಅವರು ಕಂಡದ್ದು ಅದೇ ಮೊದಲು. ಆಮೇಲೆ ಅವನನ್ನು ಹೊರಗಿನ ಕಟ್ಟೆಗೆ ಕರೆದೊಯ್ದು, ತಮ್ಮ ಡಬ್ಬಿಯ ಚಿತ್ರಾನ್ನವನ್ನು ಅವನ ಜೊತೆ ಹಂಚಿಕೊಂಡು ತಿಂದರು.

"ನಮ್ಮ ಮದ್ದು ಇವ್ನಿಗೆ ಕೊಡಕ್ಕಾಗಲ್ವಾ?"

"ಇನ್ನೂ ಮನುಷ್ಯರಿಗೆ ಕೊಟ್ಟು ನೋಡಿಲ್ಲ, ಪುಟ್ಟತಾಯಮ್ಮ."

"ಮತ್ತೆ ಇಷ್ಟು ವರ್ಸ ಯಾತಕ್ಕೆ ಸಾಕ್ಸುದ್ರಿ?"

ಆತ ಆಗಲೇ ಬಳಕೆಯಲ್ಲಿದ್ದ ಮಾತ್ರೆಗಳನ್ನೇ ತಿಂಗಳುಗಟ್ಟಲೆ ನುಂಗಿ ವಾಸಿಯಾದ. ಪುಟ್ಟತಾಯಮ್ಮ ಮಾತ್ರ ಅಂದಿನಿಂದ ಸೀಸೆಯಲ್ಲಿದ್ದವುಗಳನ್ನು "ನನ್ನ ಹುಳ" ಎನ್ನಲಿಲ್ಲ.

ಅವರು ನಿವೃತ್ತರಾದ ಮೇಲೆ, ಹೋದ ವರ್ಷ, ಬನ್ನಿಮಂಟಪದ ಮನೆಗೆ ಹೋಗಿದ್ದೆ. ನಮ್ಮ ಚುಚ್ಚುಮದ್ದನ್ನು ಕೊನೆಗೂ ಉತ್ತರ ಭಾರತದ ಆಸ್ಪತ್ರೆಯೊಂದರಲ್ಲಿ ಕೆಲವರಿಗೆ ಕೊಟ್ಟು ನೋಡುತ್ತಿದ್ದಾರೆ ಎಂದೆ. ಗುಣವಾಯಿತೇ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ.

"ಚುಚ್ಚುಸ್ಕಂಡೋರ್ಗೆ ಬಾಳ ನೋವಾಯ್ತದಂತಾ?"

ನನಗೆ ಗೊತ್ತಿರಲಿಲ್ಲ. "ಕೇಳ್ಕಂಡು ಯೋಳಮ್ಮ" ಎಂದರು.

ಕೇಳಲು ನಾನು ತಡಮಾಡಿದೆ. ಕೊನೆಗೆ ಕೇಳಿದಾಗ, ಎರಡು ದಿನ ತೋಳು ನೋಯುತ್ತದೆ, ಅಷ್ಟೇ ಎಂದರು ಆ ಆಸ್ಪತ್ರೆಯ ನರ್ಸ್. ಕೂಡಲೇ ಪುಟ್ಟತಾಯಮ್ಮನವರಿಗೆ ಫೋನ್ ಮಾಡಿದೆ. ಮಗಳು ಎತ್ತಿಕೊಂಡಳು.

"ಅವ್ವ ಸೋಮವಾರ ತೀರ್ಕಂಬುಟ್ರು ಕಣಕ್ಕ. ಏನಾರ ಯೋಳ್ಬೇಕಿತ್ತಾ?"

ಎರಡೇ ದಿನ ನೋಯುತ್ತದಂತೆ ಎಂದು ಅವಳಿಗೇ ಹೇಳಿದೆ.