ಬೀರು ಜೋಡಿಸಿದ ಹುಸೇನ್‌ಬಿ

ಗಣಿ ದುಡ್ಡಿನಿಂದ ಬಳ್ಳಾರಿಯಲ್ಲಿ ಮನೆಗಳು ಸಾಲಾಗಿ ಏಳುತ್ತಿದ್ದ ಕಾಲ. ದೇಶದೇಶಗಳಲ್ಲಿ ಮಳಿಗೆ ತೆರೆಯುತ್ತಿದ್ದ ನಮ್ಮ ವಿದೇಶಿ ಮನೆಸಾಮಾನಿನ ಕಂಪನಿ, ಇಲ್ಲೂ ಗಿರಾಕಿ ಸಿಗುತ್ತಾರಾ ನೋಡಿ ಬಾ ಎಂದು ನನ್ನನ್ನು ಕಳಿಸಿತ್ತು. ಗಿರಾಕಿಯೇ ಜೋಡಿಸಿಕೊಳ್ಳುವ ಬೀರುವೊಂದನ್ನು ಬ್ರೂಸ್‌ಪೇಟೆಯಲ್ಲಿ ಜನರೆದುರು ಜೋಡಿಸತೊಡಗಿದೆ. ಅರ್ಧ ಗಂಟೆಯಾದರೂ ಬಾಗಿಲು ಕೂರಲಿಲ್ಲ.

ಗಂಡನ ಜೊತೆ ಮರಗೆಲಸ ಮಾಡುವ ಹುಸೇನ್‌ಬಿ ನೋಡುತ್ತ ನಿಂತಿದ್ದರು. "ಬಾಗಿಲಾ ತಲಿಕೆಳಗ ಹಿಡದೀರಿ, ಆಕಡಿ ಸರೀರಿ," ಎಂದು ಸ್ಕ್ರೂಡ್ರೈವರ್ ಕಸಿದುಕೊಂಡು ಹತ್ತೇ ನಿಮಿಷದಲ್ಲಿ ಮುಗಿಸಿದರು. ಸಿರುಗುಪ್ಪ, ಕುರುಗೋಡಿನಿಂದ ಬಂದಿದ್ದವರೂ ನಮಗೊಂದು ಬೇಕೆಂದು ಹೆಸರು ಬರೆಸಿದರು. ಖುಷಿಯಲ್ಲಿ ಅಲ್ಲಿಂದಲೇ ಕಚೇರಿಗೆ ಫೋನ್ ಮಾಡಿ ಹುಸೇನ್‌ಬಿಗೆ ಕೆಲಸ ಕೊಡಿಸಿದೆ.

"ಗಿರಾಕಿ ತಾವ ಜೋಡಿಸ್ಕೊಂತಾರಂದ್ರ ನನಗ್ಯಾಕ್ರಿ ಪಗಾರ?" ಎಂದರು.

"ನಮ್ಮವರಿಗೆ ಕಲಿಸೋಕೆ."

ಮುಂದೆ ತೆರೆದ ಮೂರು ಊರಿನ ಮಳಿಗೆಗಳಲ್ಲೂ ಅವರೇ ತರಬೇತಿ ಕೊಟ್ಟರು. ಮೊದಲ ತರಗತಿಯಲ್ಲಿ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು.